ಕ್ರೆಡಿಟ್ ಶೆಲ್‌ನಲ್ಲಿ ಸಿಕ್ಕಿಕೊಂಡ ದುಡ್ಡು ಬಿಡಿಸಿಕೊಳ್ಳುವುದು ಹೇಗೆ?

ಕ್ರೆಡಿಟ್ ಶೆಲ್ ಅಂದರೆ ರದ್ದಾದ ವಿಮಾನ ಟಿಕೆಟ್ಟಿನ ದುಡ್ಡನ್ನು ವಾಪಸ್ ಕೊಡದೆ, ಗಡುವಿನೊಳಗೆ ಇನ್ನೊಂದು ಟಿಕೆಟ್ಟಿಗೆ ಬಳಸಿಕೊಳ್ಳಿ ಅಂತ ವಿಮಾನ ಸಂಸ್ಥೆ ತನ್ನಲ್ಲೇ ಇಟ್ಟುಕೊಳ್ಳುವ ಮೊತ್ತ. ಮೊದಲೇ ಹೇಳಿಬಿಡುತ್ತೇನೆ. ಹಾರಾಟ ರದ್ದು ಮಾಡಿದ್ದು ವಿಮಾನ ಸಂಸ್ಥೆಯೇ ಆಗಿದ್ದರೆ ಕ್ರೆಡಿಟ್ ಶೆಲ್ ತಗೊಳ್ಳಲೇಬೇಡಿ, ದುಡ್ಡು ವಾಪಸ್ ಕೇಳಿ. ಕ್ರೆಡಿಟ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪ್ರಯಾಣಿಕರ ಹಕ್ಕು, ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲೇ ಇದೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿತು. ಸಂಸ್ಥೆಯೇ ನಿಂತುಹೋದ ಮೇಲೆ ಕ್ರೆಡಿಟ್ ಇಟ್ಟುಕೊಂಡು ಏನು ಮಾಡ್ತೀರಿ?

ಈಗಾಗಲೇ ತಗೊಂಡಾಗಿದೆಯಾ? ಹಳೇ ಪಿಎನ್‌ಆರ್, ಮೊತ್ತ, ಗಡುವು ಮೂರೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಟ್ರಾವೆಲ್ಸ್‌ನವರ ಹತ್ತಿರ ಟಿಕೆಟ್ ಮಾಡಿಸಿದ್ದರೆ ಮೇಲ್ ಅವರಿಗೇ ಹೋಗಿರಬಹುದು, ಕೇಳಿ ತರಿಸಿಕೊಳ್ಳಿ.

ಜಾಸ್ತಿ ಜನ ಎಡವುವುದು ಗಡುವಿನಲ್ಲಿ. ಅದು ಟಿಕೆಟ್ ಬುಕ್ ಮಾಡಲು ಕೊನೆ ದಿನವೋ, ಪ್ರಯಾಣ ಮುಗಿಸಲು ಕೊನೆ ದಿನವೋ? ಎರಡೂ ಬೇರೆ. ನಮ್ಮ ಭಾವ ಮಾರ್ಚ್ 31ರ ಗಡುವು ಅಂತ 28ಕ್ಕೆ ಕೂತು ಮೇ ತಿಂಗಳ ಟಿಕೆಟ್ ಹುಡುಕಿದರು. ಪೇಮೆಂಟ್ ಪುಟದಲ್ಲಿ ಕ್ರೆಡಿಟ್ ತಗೊಳ್ಳಲೇ ಇಲ್ಲ. ಅದು ಪ್ರಯಾಣದ ಗಡುವಾಗಿತ್ತು! ಇನ್ನೊಂದು ಗೊಂದಲ: ಒಂದು ವರ್ಷ ಅಂದರೆ ಯಾವತ್ತಿನಿಂದ? ಕೆಲವರು ರದ್ದಾದ ದಿನದಿಂದ ಎಣಿಸುತ್ತಾರೆ, ಕೆಲವರು ಮೊದಲು ಬುಕ್ ಮಾಡಿದ ದಿನದಿಂದ. ನೀವೇ ಲೆಕ್ಕ ಹಾಕಬೇಡಿ. ಮೇಲ್ ಹಾಕಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಕಾಲ್ ಸೆಂಟರ್‌ನವರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಗಡುವು ವಿಸ್ತರಿಸಬೇಕಾದರೆ ಮುಗಿಯುವ ಮುಂಚೆಯೇ ಕೇಳಬೇಕು. ಒಂದು ತಿಂಗಳು ಇರುವಾಗಲೇ ಬರೆಯಿರಿ. ಆಸ್ಪತ್ರೆ, ಪರೀಕ್ಷೆ ಅಂತ ಕಾರಣವಿದ್ದರೆ ಕಾಗದ ಲಗತ್ತಿಸಿ. ಕೊಡಲೇಬೇಕೆಂದಿಲ್ಲ, ಆದರೆ ಕೇಳಿದವರಿಗೆ ಒಮ್ಮೆ ಸಿಗುವುದುಂಟು. ಹೊಸ ಟಿಕೆಟ್ ತಗೊಂಡು ರದ್ದು ಮಾಡಿದರೆ ಗಡುವೂ ಹೊಸದಾಗುತ್ತದೆ ಎಂಬ ಉಪಾಯ ನಂಬಬೇಡಿ. ಎಷ್ಟೋ ಕಡೆ ಹಳೇ ಗಡುವೇ ಅಂಟಿಕೊಂಡು ಬರುತ್ತದೆ, ಮೇಲೆ ರದ್ದತಿ ಶುಲ್ಕ ಬೇರೆ. ಉತ್ತರವೇ ಬರದಿದ್ದರೆ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ಹಾಕಿ.

ಕ್ರೆಡಿಟ್ ಅನ್ನು ತಮ್ಮನಿಗೆ ಕೊಡಬಹುದು ಅಲ್ವಾ ಅಂತ ಈಗಲೂ ಕೇಳುತ್ತಾರೆ. ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹಾಗೆ ಹೇಳಿದ್ದು ಲಾಕ್‌ಡೌನ್ ಟಿಕೆಟ್‌ಗಳಿಗೆ. ಈಗ ಸಾಮಾನ್ಯವಾಗಿ ಯಾರ ಹೆಸರಲ್ಲಿದೆಯೋ ಅವರೇ ಹಾರಬೇಕು.

ಬಳಸುವಾಗ ಕ್ರೆಡಿಟ್‌ಗಿಂತ ಸ್ವಲ್ಪ ಜಾಸ್ತಿ ಬೆಲೆಯ ಟಿಕೆಟ್ಟೇ ಆರಿಸಿ, ಉಳಿದದ್ದನ್ನು ಯುಪಿಐನಲ್ಲಿ ಕಟ್ಟಿ. ₹4,200 ಇಟ್ಟುಕೊಂಡು ₹3,900ರ ಟಿಕೆಟ್ ತಗೊಂಡರೆ ಆ ₹300 ಮತ್ತೆ ಕೈಗೆ ಬರುವುದು ಅನುಮಾನ.