ಕಾರಿನ ಛಾವಣಿಗೆ ಜಿಪಿಎಸ್ ಆಂಟೆನಾ ಅಳವಡಿಸಿದ ನನ್ನ ಅನುಭವ

ಐದು ವರ್ಷಗಳ ಕಾಲ ನನ್ನ ಕಾರಿನ ನ್ಯಾವಿಗೇಷನ್ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಹೆಡ್ ಯೂನಿಟ್‌ನ, ಅಂದರೆ ನಕ್ಷೆ ತೋರಿಸುವ ಪರದೆಯಿರುವ ಸಾಧನದ, ಜೊತೆಗೆ ಬಂದಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಆಂಟೆನಾ ಡ್ಯಾಶ್‌ಬೋರ್ಡಿನ ಮೇಲೆ, ಮುಂಭಾಗದ ಗಾಜಿನ ಬುಡದಲ್ಲಿ, ಅಂಟಿಸಿದ ಜಾಗದಲ್ಲೇ ಇತ್ತು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ಹದಗೆಟ್ಟಿತು. ಗಾಡಿ ಹೊರಟು ಹತ್ತು ನಿಮಿಷ ಕಳೆದರೂ ಸ್ಥಾನ ಸಿಗುತ್ತಿರಲಿಲ್ಲ. ಸಿಕ್ಕ ಮೇಲೂ ಪರದೆಯ ಮೇಲಿನ ಬಾಣ ಪಕ್ಕದ ರಸ್ತೆಗೆ ಜಿಗಿಯುತ್ತಿತ್ತು, ತಿರುವು ದಾಟಿ ಹೋದ ಮೇಲೆ ತಿರುಗಲು ಹೇಳುತ್ತಿತ್ತು. ನಕ್ಷೆಗಳನ್ನು ಹೊಸದಾಗಿ ತುಂಬಿದೆ, ಯೂನಿಟ್ಟನ್ನು ರೀಸೆಟ್ ಮಾಡಿದೆ, ಕೊನೆಗೆ ಯೂನಿಟ್ಟನ್ನೇ ಬದಲಿಸುವ ಯೋಚನೆಗೂ ಬಂದಿದ್ದೆ. ಎರಡು ತಿಂಗಳು ಹೀಗೆ ಊಹೆಯಲ್ಲೇ ಕಳೆದ ಮೇಲೆ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಉಪಗ್ರಹಗಳ ಸಿಗ್ನಲ್ ಬಲವನ್ನು ತೋರಿಸುವ ಪುಟವನ್ನು ತೆರೆದು ಅಂಕಿಗಳನ್ನು ಬರೆದುಕೊಂಡೆ.

ಆ ಪುಟದಲ್ಲಿ ಪ್ರತಿಯೊಂದು ಉಪಗ್ರಹದ ಸಂಖ್ಯೆ, ಅದು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿದೆ, ಯಾವ ದಿಕ್ಕಿನಲ್ಲಿದೆ ಮತ್ತು ಅದರ ಸಿಗ್ನಲ್ ಹಿನ್ನೆಲೆಯ ರೇಡಿಯೋ ಗದ್ದಲಕ್ಕೆ ಹೋಲಿಸಿದರೆ ಎಷ್ಟು ಬಲವಾಗಿದೆ ಎಂಬ ಅಂಕಿ ಇರುತ್ತದೆ. ಈ ಕೊನೆಯ ಅಂಕಿಯೇ ಮುಖ್ಯ. ಡೆಸಿಬಲ್-ಹರ್ಟ್ಸ್ ಲೆಕ್ಕದಲ್ಲಿ ಬರುವ ಅದು ತೆರೆದ ಆಕಾಶದಡಿ ಎತ್ತರದಲ್ಲಿರುವ ಉಪಗ್ರಹಗಳಿಗೆ ಸಾಮಾನ್ಯವಾಗಿ 40ರಿಂದ 50ರ ನಡುವೆ ಇರಬೇಕು. ನನ್ನ ಕಾರಿನಲ್ಲಿ ಅತ್ಯುತ್ತಮ ಉಪಗ್ರಹಕ್ಕೆ 29 ಇತ್ತು, ಉಳಿದವು 24ರ ಆಸುಪಾಸಿನಲ್ಲಿ ತೂಗಾಡುತ್ತಿದ್ದವು. ಡೆಸಿಬಲ್ ಲೆಕ್ಕದಲ್ಲಿ 10 ಕಡಿಮೆಯಾದರೆ ಶಕ್ತಿ ಹತ್ತನೆಯ ಒಂದು ಪಾಲಿಗೆ, 20 ಕಡಿಮೆಯಾದರೆ ನೂರನೆಯ ಒಂದು ಪಾಲಿಗೆ ಇಳಿದಂತೆ. ಅಂದರೆ ನನ್ನ ಯೂನಿಟ್ಟಿಗೆ ತಲುಪಬೇಕಾದ ಸಿಗ್ನಲ್‌ನ ಬಹುಪಾಲು ದಾರಿಯಲ್ಲೇ ನಷ್ಟವಾಗುತ್ತಿತ್ತು.

ಈ ನಷ್ಟ ಏಕೆ ಇಷ್ಟು ದುಬಾರಿಯಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ 1575.42 ಮೆಗಾಹರ್ಟ್ಸ್ ಆವರ್ತನದಲ್ಲಿ ಕಳಿಸುವ ಸಿಗ್ನಲ್ ನೆಲ ಮುಟ್ಟುವಾಗ ಒಂದು ವ್ಯಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಕ್ಷೀಣವಾಗಿರುತ್ತದೆ. ರಿಸೀವರ್‌ನೊಳಗಿನ ಸಹಜ ಗದ್ದಲವೇ ಅದಕ್ಕಿಂತ ಹೆಚ್ಚು. ಪ್ರತಿ ಮಿಲಿಸೆಕೆಂಡಿಗೆ ಒಮ್ಮೆ ಮರುಕಳಿಸುವ, ಮೊದಲೇ ಗೊತ್ತಿರುವ 1023 ಘಟಕಗಳ ಸಂಕೇತಮಾಲೆಯನ್ನು ಹೋಲಿಸಿ ನೋಡುವ ಮೂಲಕವೇ ರಿಸೀವರ್ ಅದನ್ನು ಗದ್ದಲದಿಂದ ಹೆಕ್ಕಿ ತೆಗೆಯುತ್ತದೆ. ಹೆಕ್ಕಿದ ಮೇಲೆ ಇನ್ನೊಂದು ಕೆಲಸವಿದೆ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್‌ಗಳ ವೇಗದಲ್ಲಿ ಹೇಳುತ್ತಾ, 30 ಸೆಕೆಂಡುಗಳಿಗೊಮ್ಮೆ ಅದನ್ನೇ ಪುನಃ ಹೇಳುತ್ತದೆ. ಸಿಗ್ನಲ್ ದುರ್ಬಲವಾಗಿದ್ದು ನಡುವೆ ಕೆಲವು ಬಿಟ್‌ಗಳು ತಪ್ಪಿದರೆ, ಮುಂದಿನ ಸುತ್ತಿಗಾಗಿ ಕಾಯಬೇಕು. ಅಲ್ಲಿಯೂ ತಪ್ಪಿದರೆ ಮತ್ತೊಂದು ಸುತ್ತು. ಸ್ಥಾನ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹಗಳ ವಿವರ ಪೂರ್ತಿಯಾಗಿ ಕೈಸೇರಬೇಕು. ನನ್ನ ಹತ್ತು ನಿಮಿಷಗಳ ಕಾಯುವಿಕೆಯ ಗುಟ್ಟು ಇಲ್ಲಿತ್ತು. ಯೂನಿಟ್ ನಿಧಾನವಾಗಿರಲಿಲ್ಲ, ಅದು ಒಂದೇ ವಾಕ್ಯವನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳಲು ಹೆಣಗುತ್ತಿತ್ತು.

ಕಾರಣ ಹುಡುಕಲು ಮಾಡಿದ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಹಳೆಯ ಆಂಟೆನಾವನ್ನೇ ಡ್ಯಾಶ್‌ಬೋರ್ಡಿನಿಂದ ಬಿಡಿಸಿ, ಕಿಟಕಿಯ ಮೂಲಕ ಹೊರತೆಗೆದು ಛಾವಣಿಯ ಮೇಲಿಟ್ಟೆ. 29 ಇದ್ದ ಉಪಗ್ರಹ 45ಕ್ಕೆ ಏರಿತು. ಉಪಗ್ರಹಗಳು ಚಲಿಸುತ್ತಲೇ ಇರುವುದರಿಂದ, ಕೆಲವೇ ನಿಮಿಷಗಳ ಅಂತರದಲ್ಲಿ, ಅದೇ ಸಂಖ್ಯೆಯ ಉಪಗ್ರಹಗಳನ್ನು ಮಾತ್ರ ಹೋಲಿಸಿದೆ. ಹಾಗೆ ಮಾಡದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ನಂತರ ಆಂಟೆನಾವನ್ನು ಒಳಗೆ ತಂದು ಪಕ್ಕದ ಕಿಟಕಿಯ ಗಾಜಿನ ಹಿಂದೆ ಹಿಡಿದೆ. ಆ ದಿಕ್ಕಿನಲ್ಲಿದ್ದ ಉಪಗ್ರಹಗಳು 37ರವರೆಗೆ ಬಂದವು. ಆಂಟೆನಾ ಸರಿಯಾಗಿದೆ, ಯೂನಿಟ್ ಸರಿಯಾಗಿದೆ, ತಡೆಯುತ್ತಿರುವುದು ಮುಂಭಾಗದ ಗಾಜು ಎಂಬುದು ಆಗ ಸ್ಪಷ್ಟವಾಯಿತು. ತೊಂದರೆ ಆರಂಭವಾಗುವ ಕೆಲವೇ ದಿನಗಳ ಮುಂಚೆ, ಬಿರುಕು ಬಿಟ್ಟಿದ್ದ ಮುಂಗಾಜನ್ನು ಬದಲಿಸಿದ್ದು ನೆನಪಾಯಿತು. ಹೊಸ ಗಾಜು ಬಿಸಿಲಿನ ಶಾಖವನ್ನು ಪ್ರತಿಫಲಿಸುವ ಬಗೆಯದು. ಇಂಥ ಗಾಜಿನ ಪದರಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪನವಿರುತ್ತದೆ, ಅದು ಶಾಖದ ಜೊತೆಗೆ ರೇಡಿಯೋ ತರಂಗಗಳನ್ನೂ ಹಿಂದಕ್ಕೆ ಕಳಿಸುತ್ತದೆ. ಗಾಜು ಬದಲಿಸಿದವರು ಈ ವಿಷಯವನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕೆಲವು ಲೇಪಿತ ಗಾಜುಗಳಲ್ಲಿ ಟೋಲ್ ಟ್ಯಾಗ್ ಕೆಲಸ ಮಾಡಲೆಂದು ಒಳಗನ್ನಡಿಯ ಹತ್ತಿರ ಸ್ವಲ್ಪ ಜಾಗವನ್ನು ಲೇಪನವಿಲ್ಲದೆ ಬಿಟ್ಟಿರುತ್ತಾರೆ. ನನ್ನ ಗಾಜಿನಲ್ಲೂ ಅದಿತ್ತು. ಆಂಟೆನಾವನ್ನು ಅಲ್ಲಿಟ್ಟು ನೋಡಿದಾಗ ಮುಂದಿನ ಆಕಾಶದ ಉಪಗ್ರಹಗಳು 39ಕ್ಕೆ ಬಂದವು, ಆದರೆ ಕಾರಿನ ಛಾವಣಿ ಹಿಂದಿನ ಅರ್ಧ ಆಕಾಶವನ್ನು ಮುಚ್ಚಿತ್ತು. ಎಲ್ಲ ಉಪಗ್ರಹಗಳೂ ಒಂದೇ ಮಗ್ಗುಲಲ್ಲಿದ್ದರೆ, ಒಂದೊಂದರ ಸಿಗ್ನಲ್ ಎಷ್ಟೇ ಚೆನ್ನಾಗಿದ್ದರೂ ಸ್ಥಾನದ ಲೆಕ್ಕ ಬಿಗಿಯಾಗಿ ಕೂರುವುದಿಲ್ಲ. ಸುತ್ತಲ ಆಕಾಶವೆಲ್ಲ ಕಾಣುವ ಜಾಗ ಕಾರಿನಲ್ಲಿ ಒಂದೇ, ಅದು ಛಾವಣಿ. ಹಳೆಯ ಆಂಟೆನಾ ಹೊರಗಿನ ಮಳೆ ಬಿಸಿಲಿಗೆಂದು ಮಾಡಿದ್ದಲ್ಲವಾದ್ದರಿಂದ ಹೊಸದೊಂದನ್ನು ಕೊಳ್ಳಲು ತೀರ್ಮಾನಿಸಿದೆ.

ಕೊಳ್ಳುವಾಗ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಆಂಟೆನಾದೊಳಗಿನ ಆಂಪ್ಲಿಫೈಯರ್‌ನ ಗೇನ್, ಅಂದರೆ ಅದು ಸಿಗ್ನಲ್ಲನ್ನು ಎಷ್ಟು ಹಿಗ್ಗಿಸುತ್ತದೆ ಎಂದು ಹೇಳುವ, 28 ಡೆಸಿಬಲ್ ಎಂಬಂಥ ದೊಡ್ಡ ಅಂಕಿ. ಆ ಅಂಕಿ ಹೆಚ್ಚಿದ್ದಷ್ಟೂ ಆಂಟೆನಾ ಉತ್ತಮ ಎಂಬ ನಂಬಿಕೆ ತಪ್ಪು ಎಂದು ನಾನು ಒತ್ತಿ ಹೇಳಬಯಸುತ್ತೇನೆ. ಆಂಪ್ಲಿಫೈಯರ್ ಸಿಗ್ನಲ್ಲನ್ನೂ ಗದ್ದಲವನ್ನೂ ಒಟ್ಟಿಗೇ ಹಿಗ್ಗಿಸುತ್ತದೆ. ಗಾಜು ನುಂಗಿದ್ದನ್ನು ಅದು ಮರಳಿ ತಂದುಕೊಡಲಾರದು. ಅದರ ಕೆಲಸ ಕೇಬಲ್ಲಿನಲ್ಲಾಗುವ ನಷ್ಟವನ್ನು ಮೊದಲೇ ತುಂಬಿಕೊಡುವುದು, ಮತ್ತು ಆ ಕೆಲಸವನ್ನು ತನ್ನದೇ ಗದ್ದಲವನ್ನು ಆದಷ್ಟು ಕಡಿಮೆ ಸೇರಿಸಿ ಮಾಡುವುದು. ಈ ಆಂಟೆನಾಗಳ ಜೊತೆ ಬರುವ ಆರ್‌ಜಿ-174 ಎಂಬ ತೆಳು ಕೇಬಲ್ ಈ ಆವರ್ತನದಲ್ಲಿ ಮೀಟರಿಗೆ ಒಂದು ಡೆಸಿಬಲ್‌ಗಿಂತ ಸ್ವಲ್ಪ ಹೆಚ್ಚು ನುಂಗುತ್ತದೆ. ಐದು ಮೀಟರಿಗೆ ಸುಮಾರು 6 ಡೆಸಿಬಲ್ ಎಂದಿಟ್ಟುಕೊಂಡರೂ ಆಂಪ್ಲಿಫೈಯರ್ ಇರುವ ಆಂಟೆನಾಗೆ ಅದೊಂದು ಹೊರೆಯಲ್ಲ. ಆಂಪ್ಲಿಫೈಯರ್ ಇಲ್ಲದ ಆಂಟೆನಾ ಆಗಿದ್ದರೆ ಅಷ್ಟು ನಷ್ಟ ನೇರವಾಗಿ ಸಿಗ್ನಲ್‌ಗೇ ಬೀಳುತ್ತಿತ್ತು.

ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ತನ್ನು ಯೂನಿಟ್ ಅದೇ ಕೇಬಲ್ಲಿನ ಮೂಲಕ ಕಳಿಸುತ್ತದೆ. ಸಾಕೆಟ್ಟಿನ ನಡುವಿನ ಸಂಪರ್ಕಕ್ಕೂ ಹೊರಗಿನ ಲೋಹಕ್ಕೂ ಮಲ್ಟಿಮೀಟರ್ ಹಿಡಿದು ನೋಡಿದೆ. ಎರಡೂ ಒಂದಕ್ಕೊಂದು ತಗುಲದಂತೆ ಎಚ್ಚರ ವಹಿಸಿದೆ. 5 ವೋಲ್ಟ್ ಇತ್ತು. ನಾನು ಆರಿಸಿದ ಆಂಟೆನಾ 3ರಿಂದ 5 ವೋಲ್ಟ್‌ವರೆಗೆ ಕೆಲಸ ಮಾಡುವಂಥದ್ದು. ಆದರೆ ಕನೆಕ್ಟರ್ ವಿಷಯದಲ್ಲಿ ಎಡವಿದೆ. ಕಾರು ಕಂಪನಿಗಳ ಯೂನಿಟ್‌ಗಳಲ್ಲಿ ಜಿಪಿಎಸ್‌ಗೆಂದೇ ನೀಲಿ ಬಣ್ಣದ ಫಾಕ್ರಾ ಕನೆಕ್ಟರ್ ಇರುವುದು ವಾಡಿಕೆ, ನನ್ನ ಯೂನಿಟ್ಟಿನಲ್ಲಿ ತಿರುಪಿನ ಎಸ್‌ಎಂಎ ಇತ್ತು. ಅದಕ್ಕೆಂದು ಮೊದಲು ತಂದ ಅಡಾಪ್ಟರ್ ತಿರುಪಿನಲ್ಲಿ ಸರಾಗವಾಗಿ ಕೂತಿತು, ಆದರೂ ಒಂದು ಉಪಗ್ರಹವೂ ಕಾಣಿಸಲಿಲ್ಲ. ಬಿಚ್ಚಿ ನೋಡಿದರೆ ನಡುವೆ ಪಿನ್ ಇರಬೇಕಾದಲ್ಲಿ ರಂಧ್ರವಿತ್ತು. ವೈಫೈ ಸಾಧನಗಳಲ್ಲಿ ಬಳಸುವ ಆರ್‌ಪಿ-ಎಸ್‌ಎಂಎ ಹೊರನೋಟಕ್ಕೆ ಇದೇ ಥರ ಇರುತ್ತದೆ. ಎರಡು ರಂಧ್ರಗಳು ಎದುರುಬದುರಾಗಿ ಕೂತಾಗ ಸಂಪರ್ಕವೇ ಆಗುವುದಿಲ್ಲ.

ಆಂಟೆನಾವನ್ನು ಕಾರಿಗೆ ಹತ್ತಿಸುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ, ಅದು ನನಗೆ ಬಹಳ ಸಂತೋಷ ಕೊಟ್ಟಿತು. ಕಾರಿನ ಪಕ್ಕದಲ್ಲಿ ಒಂದು ಮರದ ಸ್ಟೂಲಿನ ಮೇಲೆ ಆಂಟೆನಾ ಇಟ್ಟು ಅಂಕಿಗಳನ್ನು ಬರೆದುಕೊಂಡೆ. ನಂತರ ಅದೇ ಸ್ಟೂಲಿನ ಮೇಲೆ ಅಗಲವಾದ ಉಕ್ಕಿನ ತಟ್ಟೆಯನ್ನು ಬೋರಲಾಗಿಟ್ಟು, ಅದರ ಮೇಲೆ ಆಂಟೆನಾ ಇಟ್ಟೆ. ಎತ್ತರದ ಉಪಗ್ರಹಗಳ ಅಂಕಿಗಳು ಮೂರರಿಂದ ನಾಲ್ಕರಷ್ಟು ಏರಿದವು. ಆಂಟೆನಾದ ಒಳಗಿರುವ, ಸಿಗ್ನಲ್ ಹಿಡಿಯುವ ಚೌಕಾಕಾರದ ಸೆರಾಮಿಕ್ ಬಿಲ್ಲೆ ಸರಿಯಾಗಿ ಕೆಲಸ ಮಾಡಬೇಕಾದರೆ ಅದರ ಕೆಳಗೆ ಲೋಹದ ನೆಲ ಬೇಕು. ಕೆಳಗಿನಿಂದ ಪ್ರತಿಫಲಿಸಿ ಬರುವ ಸಿಗ್ನಲ್ಲನ್ನೂ ಆ ಲೋಹ ತಡೆಯುತ್ತದೆ. ಕಾರಿನ ಛಾವಣಿಯ ಲಾಭ ಎತ್ತರವೊಂದೇ ಅಲ್ಲ ಎಂಬುದು ಇದರಿಂದ ಮನದಟ್ಟಾಯಿತು. ಛಾವಣಿ ಸ್ವತಃ ಆಂಟೆನಾದ ಅರ್ಧ ಭಾಗವಾಗುತ್ತದೆ. ಛಾವಣಿ ಗಾಜಿನದೋ ಫೈಬರ್‌ನದೋ ಆಗಿದ್ದರೆ ಆಂಟೆನಾದ ತಳದ ಅಯಸ್ಕಾಂತವೂ ಹಿಡಿಯದು, ಈ ಲಾಭವೂ ಸಿಗದು; ಅಲ್ಯೂಮಿನಿಯಂ ಆಗಿದ್ದರೆ ಲಾಭ ಸಿಗುತ್ತದೆ, ಆದರೆ ಅಂಟಿಸಬೇಕಾಗುತ್ತದೆ.

ಛಾವಣಿಗೆ ರಂಧ್ರ ಕೊರೆದು ಕೂರಿಸುವ ಆಂಟೆನಾ ಹೆಚ್ಚು ಭದ್ರ, ಕೇಬಲ್ಲೂ ಹೊರಗೆ ಕಾಣುವುದಿಲ್ಲ. ಆದರೆ ಕೊರೆದ ಅಂಚಿಗೆ ಪ್ರೈಮರ್ ಹಚ್ಚುವುದರಲ್ಲಿ ಸ್ವಲ್ಪ ಅಜಾಗರೂಕತೆಯಾದರೂ ತುಕ್ಕು ಶುರುವಾಗುತ್ತದೆ, ಆದ್ದರಿಂದ ನಾನು ಅಯಸ್ಕಾಂತದ ಬಗೆಯನ್ನೇ ಆರಿಸಿದೆ. ಛಾವಣಿಯ ಹಿಂಭಾಗದಲ್ಲಿ, ಅಂಚಿನಿಂದ ಒಂದು ಗೇಣು ಒಳಗೆ, ರೇಡಿಯೋ ಆಂಟೆನಾದಿಂದಲೂ ಲಗೇಜ್ ಕಂಬಿಗಳಿಂದಲೂ ದೂರವಿರುವಂತೆ ಕೂರಿಸಿದೆ. ಕೂರಿಸುವ ಮೊದಲು ಆ ಜಾಗವನ್ನೂ ಅಯಸ್ಕಾಂತದ ತಳವನ್ನೂ ಒರೆಸಿದೆ, ಏಕೆಂದರೆ ನಡುವೆ ಸಿಕ್ಕ ಮರಳಿನ ಕಣವೊಂದೇ ಬಣ್ಣವನ್ನು ಕೆರೆಯಲು ಸಾಕು.

ದಿನದ ಬಹುಭಾಗವನ್ನು ತೆಗೆದುಕೊಂಡದ್ದು ಕೇಬಲ್ ಎಳೆಯುವ ಕೆಲಸ. ಛಾವಣಿಯ ಅಂಚಿನುದ್ದಕ್ಕೂ ಒಳಗೆ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್‌ಗಳು ಇರುವ ಕಾರಿನಲ್ಲಿ, ಮೇಲಿನಿಂದಲೇ ಕಂಬದ ಒಳಗೆ ಕೇಬಲ್ ತುರುಕುವುದು ಅಪಾಯಕರ. ಏರ್‌ಬ್ಯಾಗ್ ಅರಳುವ ದಾರಿಗೆ ಅಡ್ಡಲಾಗಿ ಯಾವ ತಂತಿಯೂ ಇರಬಾರದು. ಆದ್ದರಿಂದ ಕೇಬಲ್ಲನ್ನು ಡಿಕ್ಕಿಯ ಬಾಗಿಲಿನ ಮೇಲಂಚಿನಿಂದ ಇಳಿಸಿ, ರಬ್ಬರ್ ಬೀಡಿಂಗಿನ ಹೊರಗಿನ ಕಾಲುವೆಯಲ್ಲೇ ಪಕ್ಕಕ್ಕೆ ಸಾಗಿಸಿ, ಕೆಳಭಾಗದಲ್ಲಿ ಮಾತ್ರ ಬೀಡಿಂಗಿನಡಿ ಒಳಗೆ ತಂದೆ. ಒಳಬರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಕೇಬಲ್ ಒಮ್ಮೆ ಜೋತುಬಿದ್ದು ಮೇಲಕ್ಕೆ ಬರುವಂತೆ ಮಾಡಿದೆ. ಹಾಗೆ ಮಾಡಿದರೆ ಕೇಬಲ್ಲಿನ ಮೈಮೇಲೆ ಹರಿದುಬಂದ ಮಳೆನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಅಲ್ಲಿಂದ ಮುಂದೆ ಹಿಂಸೀಟಿನ ಪಕ್ಕ, ಬಾಗಿಲುಗಳ ಬುಡದ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ, ಗ್ಲೌ ಬಾಕ್ಸ್ ಹಿಂದೆ ಸಾಗಿ ಯೂನಿಟ್ಟನ್ನು ಸೇರಿತು. ನಡುಗಂಬದ ಬುಡದಲ್ಲಿ ಸೀಟ್ ಬೆಲ್ಟ್ ಬಿಗಿಯುವ ಸಾಧನ ಇರಬಹುದಾದ್ದರಿಂದ ಅಲ್ಲಿನ ಕವಚವನ್ನು ನಾನು ಬಿಚ್ಚಲಿಲ್ಲ, ಪಟ್ಟಿಯನ್ನು ತುಸು ಎತ್ತಿ ಕೇಬಲ್ ಜಾರಿಸಿದೆ ಅಷ್ಟೆ. ಈ ಕೇಬಲ್ಲಿನ ಒಳಗಿನ ನಿರೋಧಕ ಪದರ ಮೆತ್ತಗಿರುತ್ತದೆ. ಅದನ್ನು ಚೂಪಾಗಿ ಮಡಚಿದರೆ ಅಥವಾ ಬಾಗಿಲಿನ ಕೊಂಡಿಯ ಬಳಿ ಜಜ್ಜಿದರೆ, ಹೊರಗೆ ಏನೂ ಕಾಣದಿದ್ದರೂ ಒಳಗೆ ನಷ್ಟ ಹೆಚ್ಚುತ್ತದೆ. ಡಿಕ್ಕಿಯನ್ನು ಹತ್ತು ಸಲ ತೆರೆದು ಮುಚ್ಚಿ, ಕೇಬಲ್ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಎಂದು ಖಚಿತಪಡಿಸಿಕೊಂಡೆ. ಉಳಿದ ಒಂದು ಮೀಟರಿನಷ್ಟನ್ನು ಕತ್ತರಿಸದೆ, ಸಡಿಲವಾದ ದೊಡ್ಡ ಬಳಸುಗಳಾಗಿ ಹಿಂಸೀಟಿನ ಕೆಳಗೆ ಹಾಸಿದೆ.

ಮುಗಿದ ಮೇಲೆ ಅದೇ ಬಯಲಿನಲ್ಲಿ ನಿಲ್ಲಿಸಿ ನೋಡಿದಾಗ ಎತ್ತರದ ಉಪಗ್ರಹಗಳು 44ರಿಂದ 48ರವರೆಗೆ, ದಿಗಂತದ ಸಮೀಪದವು 36ರ ಮೇಲೆ ನಿಂತಿದ್ದವು. ರಾತ್ರಿಯಿಡೀ ನಿಂತಿದ್ದ ಕಾರನ್ನು ಮರುದಿನ ಬೆಳಿಗ್ಗೆ ಚಾಲೂ ಮಾಡಿದಾಗ 40 ಸೆಕೆಂಡಿನೊಳಗೆ ಸ್ಥಾನ ಸಿಕ್ಕಿತು. ನಿರೀಕ್ಷಿಸದ ಇನ್ನೊಂದು ಲಾಭವೂ ಆಯಿತು. ಹಳೆಯ ಜಾಗದಲ್ಲಿ ಡ್ಯಾಶ್‌ಕ್ಯಾಮ್ ಚಾಲೂ ಮಾಡಿದಾಗಲೆಲ್ಲ ಅಂಕಿಗಳು ಮೂರು ನಾಲ್ಕರಷ್ಟು ಕುಸಿಯುತ್ತಿದ್ದವು, ಏಕೆಂದರೆ ಆ ಕ್ಯಾಮೆರಾ ಮತ್ತು ಅದರ ಚಾರ್ಜರ್ ಹೊರಸೂಸುವ ರೇಡಿಯೋ ಗದ್ದಲ ಅಂಗೈ ಅಗಲದ ದೂರದಲ್ಲಿದ್ದ ಆಂಟೆನಾಗೆ ನೇರವಾಗಿ ತಾಗುತ್ತಿತ್ತು. ಈಗ ಅವೆರಡರ ನಡುವೆ ಉಕ್ಕಿನ ಛಾವಣಿಯಿದೆ. ಕ್ಯಾಮೆರಾ ಹಾಕಿದರೂ ತೆಗೆದರೂ ಅಂಕಿ ಕದಲುವುದಿಲ್ಲ.

ಸುರಂಗದಲ್ಲಿ ಈ ಆಂಟೆನಾದಿಂದ ಏನೂ ಆಗದು. ಎತ್ತರದ ಕಟ್ಟಡಗಳ ನಡುವೆ ಗೋಡೆಗೆ ಬಡಿದು ಬರುವ ಸಿಗ್ನಲ್‌ನಿಂದ ಬಾಣ ಈಗಲೂ ಕೆಲವೊಮ್ಮೆ ಪಕ್ಕಕ್ಕೆ ಸರಿಯುತ್ತದೆ, ಆದರೆ ಬೇಗ ಮರಳುತ್ತದೆ. ಮೊಬೈಲ್ ಫೋನಿನಲ್ಲಿ ದಾರಿ ನೋಡುವವರಿಗೆ ಈ ಕೆಲಸದ ನೇರ ಪ್ರಯೋಜನವಿಲ್ಲ, ಏಕೆಂದರೆ ಫೋನಿಗೆ ಹೊರಗಿನ ಆಂಟೆನಾ ಚುಚ್ಚುವ ಸಾಕೆಟ್ ಇರುವುದಿಲ್ಲ; ಅವರು ಬ್ಲೂಟೂತ್ ಮೂಲಕ ಸ್ಥಾನ ಕಳಿಸುವ ಪ್ರತ್ಯೇಕ ರಿಸೀವರ್ ಬಳಸಬೇಕಾಗುತ್ತದೆ.

ಅಳವಡಿಸಿದ ಮೂರನೆಯ ವಾರ ಇಡೀ ರಾತ್ರಿ ಜೋರು ಮಳೆ ಸುರಿಯಿತು. ಬೆಳಿಗ್ಗೆ ಮೊದಲು ಡಿಕ್ಕಿ ತೆರೆದು, ಕೇಬಲ್ ಒಳಬರುವ ಜಾಗದ ಕಾರ್ಪೆಟ್ಟನ್ನು ಕೈಯಿಂದ ಒತ್ತಿ ನೋಡಿದೆ. ಒಣಗಿತ್ತು. ಮಳೆ ಇನ್ನೂ ಬೀಳುತ್ತಿರುವಾಗಲೇ ಸಿಗ್ನಲ್ ಪುಟವನ್ನು ತೆರೆದೆ. ನೆತ್ತಿಯ ಮೇಲಿದ್ದ ಉಪಗ್ರಹ 46ರಲ್ಲಿತ್ತು.