ಚಾಟ್ ಸರ್ವರ್‌ಗೆ ಕಿಲ್ ಹೊಡೆಯೋದು ಬಿಟ್ಟಿದ್ದು ಹೆಂಗೆ: ನನ್ನ ಅನುಭವ

ನಮ್ಮ ಆಫೀಸಲ್ಲಿ ನಾನೇ ಪೈಥಾನಲ್ಲಿ ಬರೆದ ಒಂದು ಪುಟ್ಟ ಚಾಟ್ ಡೀಮನ್ (ಸರ್ವರಲ್ಲಿ ಸದಾ ಓಡ್ತಿರೋ ಪ್ರೋಗ್ರಾಮು) ಇದೆ, ಐಆರ್‌ಸಿ ಅನ್ನೋ ಹಳೇ ಚಾಟ್ ವ್ಯವಸ್ಥೆ ಥರದ್ದು, ಸುಮಾರು ನಲವತ್ತು ಜನ ಇರ್ತಾರೆ. ಬರೆದಿದ್ದು ಎರಡೇ ದಿನದಲ್ಲಿ, ಸಾಕೋದೇ ಪಾಡು. ಒಂದು ಹೊಸ ರೂಮ್ ಸೇರಿಸ್ಬೇಕಂದ್ರೂ ಕಾನ್ಫಿಗ್ (ಸೆಟ್ಟಿಂಗ್ಸ್ ಫೈಲ್) ತಿದ್ದಿ, ಕಿಲ್ ಕಮ್ಯಾಂಡ್ ಹೊಡೆದು ಡೀಮನ್ ನಿಲ್ಲಿಸಿ, ಮತ್ತೆ ಎಬ್ಬಿಸ್ಬೇಕು, ಅಷ್ಟರಲ್ಲಿ ಅಕೌಂಟ್ಸ್ ಕಡೆಯಿಂದ ಫೋನು, "ಸಾರ್, ಮತ್ತೆ ಎಲ್ರೂ ಆಚೆ ಬಿದ್ವಿ".

ಆದ್ರೆ ನನಗೆ ನಿಜವಾಗ್ಲೂ ಬಿಸಿ ಮುಟ್ಟಿದ್ದು ಬೇರೆ ಕಾರಣಕ್ಕೆ. ನನ್ನ ಸ್ಟಾಪ್ ಸ್ಕ್ರಿಪ್ಟ್ ಪಿಐಡಿ ಫೈಲ್ (ಓಡ್ತಿರೋ ಪ್ರೋಗ್ರಾಮಿನ ಪ್ರೋಸೆಸ್ ನಂಬರ್ ಬರೆದಿಟ್ಟಿರೋ ಫೈಲ್) ಓದಿ ಅದ್ರಲ್ಲಿರೋ ನಂಬರ್‌ಗೆ ಸೀದಾ ಕಿಲ್ -9 (ಬಲವಂತವಾಗಿ ಸಾಯಿಸೋದು) ಕೊಡ್ತಿತ್ತು, ಅದೂ ಎಲ್ಲಾ ಅಧಿಕಾರ ಇರೋ ರೂಟ್ ಆಗಿ. ಒಂದಿನ ಕರೆಂಟ್ ಹೋಗಿ ಮಷೀನ್ ರೀಬೂಟ್ ಆಯ್ತು, ಚಾಟ್ ಎದ್ದಿರ್ಲಿಲ್ಲ, ಹಳೇ ಪಿಐಡಿ ಫೈಲ್ ಮಾತ್ರ ಡಿಸ್ಕಲ್ಲಿ ಹಂಗೇ ಕೂತಿತ್ತು, ನಾನು ಕಣ್ಮುಚ್ಕೊಂಡು ರೀಸ್ಟಾರ್ಟ್ ಕೊಟ್ಟೆ. ಆ ನಂಬರು ಅಷ್ಟೊತ್ತಿಗೆ ಬ್ಯಾಕಪ್ ಪ್ರೋಸೆಸ್‌ಗೆ ಸಿಕ್ಕಿತ್ತು. ಬ್ಯಾಕಪ್ ಅರ್ಧಕ್ಕೇ ಸತ್ತಿದೆ ಅಂತ ಗೊತ್ತಾಗಿದ್ದು ಮೂರು ದಿನ ಕಳೆದ್ಮೇಲೆ!

ಮೊದಲು ಮಾಡಿದ್ದು ಕೋಡ್ ಕಿತ್ತಾಕಿದ್ದು. ಹಿನ್ನೆಲೆಗೆ ಹೋಗೋಕೆ ಎರಡೆರಡು ಸಲ ಫೋರ್ಕ್ ಮಾಡೋದು (ತನ್ನದೇ ನಕಲು ಎಬ್ಬಿಸೋದು), ಪಿಐಡಿ ಬರೆಯೋದು ಎಲ್ಲಾ ತೆಗೆದು ಪ್ರೋಗ್ರಾಮನ್ನ ಫೋರ್‌ಗ್ರೌಂಡಲ್ಲೇ ಓಡಿಸಿ ಸಿಸ್ಟಮ್‌ಡಿ (ಲಿನಕ್ಸಲ್ಲಿ ಸರ್ವಿಸ್‌ಗಳನ್ನ ನಡೆಸೋ ಪ್ರೋಗ್ರಾಮು) ಕೈಗೆ ಕೊಟ್ಟೆ. ಲಾಗ್ ಕೂಡ ಅದ್ರ ಜರ್ನಲ್‌ಗೇ ಹೋಗುತ್ತೆ, ಹಳೇ ಲಾಗ್ ಫೈಲ್ ಸರಿಸೋ ಲಾಗ್‌ರೊಟೇಟ್ ತಲೆನೋವೂ ತಪ್ಪಿತು.

ಆಮೇಲೆ ರೀಲೋಡ್, ಅಂದ್ರೆ ಡೀಮನ್ ನಿಲ್ಲಿಸ್ದೇನೇ ಕಾನ್ಫಿಗ್ ಮತ್ತೆ ಓದಿಸೋದು. ಮೊದಲು ಅದಕ್ಕೆ ಸಿಗ್‌ಹಪ್ ಅನ್ನೋ ಸಿಗ್ನಲ್ ಹಾಕಿದ್ದೆ, ಆದ್ರೆ ಸಿಗ್ನಲ್ ಕಳಿಸಿದ್ರೆ ವಾಪಸ್ ಉತ್ತರ ಬರಲ್ಲ ನೋಡಿ, ಕಾನ್ಫಿಗ್ ಸರಿಯಾಗಿ ಓದ್ಕೊಂಡಿತಾ, ಇಲ್ವಾ ಅಂತ ಲಾಗ್ ಕೆದಕ್ಬೇಕು. ಬೇರೆ ಚಾಟ್ ಸರ್ವರ್‌ಗಳಾದ ಪ್ರೊಸೊಡಿಗೆ ಪ್ರೊಸೊಡಿಸಿಟಿಎಲ್, ಇಜ್ಯಾಬರ್‌ಡಿಗೆ ಇಜ್ಯಾಬರ್‌ಡಿಸಿಟಿಎಲ್ ಅನ್ನೋ ಕಂಟ್ರೋಲ್ ಕಮ್ಯಾಂಡ್ ಇರೋ ಹಾಗೆ ನಾನೂ ಒಂದು ಚಾಟ್‌ಸಿಟಿಎಲ್ ಮಾಡ್ದೆ. ಡೀಮನ್ ಒಂದು ಯುನಿಕ್ಸ್ ಸಾಕೆಟ್ (ಅದೇ ಮಷೀನಿನ ಪ್ರೋಗ್ರಾಮುಗಳು ಮಾತಾಡ್ಕೊಳ್ಳೋಕೆ ಫೈಲ್ ಥರ ಕಾಣೋ ದಾರಿ) ತೆರೆದು ಕೂತಿರುತ್ತೆ, ಚಾಟ್‌ಸಿಟಿಎಲ್ ಅದಕ್ಕೆ ಒಂದು ಸಾಲು ಬರೆಯುತ್ತೆ, ಬಂದ ಉತ್ತರ ಪ್ರಿಂಟ್ ಮಾಡುತ್ತೆ, ಅಷ್ಟೇ. ಪರ್ಮಿಷನ್ 0660, ಅಡ್ಮಿನ್ ಗ್ರೂಪಲ್ಲಿ ಇಲ್ದಿರೋರು ಮುಟ್ಟೋ ಹಾಗಿಲ್ಲ.

ಇಲ್ಲೊಂದು ಕಡೆ ಎಡವಿದೆ. ಡೀಮನ್ ಕ್ರ್ಯಾಶ್ ಆದ್ರೆ ಸಾಕೆಟ್ ಫೈಲ್ ಹಂಗೇ ಉಳಿಯುತ್ತೆ, ಮುಂದಿನ ಸಲ ಅದೇ ಹೆಸರಲ್ಲಿ ಸಾಕೆಟ್ ತೆರೆಯೋಕೆ (ಬೈಂಡ್) ಹೋದ್ರೆ ಅಡ್ರೆಸ್ ಆಗ್ಲೇ ಬಳಕೆಯಲ್ಲಿದೆ ಅನ್ನುತ್ತೆ. ಹಾಗಂತ ಕಣ್ಮುಚ್ಚಿ ಡಿಲೀಟ್ ಮಾಡಿದ್ರೆ ಓಡ್ತಿರೋ ಡೀಮನ್ ಸಾಕೆಟ್ಟೇ ಹೋಗುತ್ತೆ. ಅದಕ್ಕೆ ಈಗ ಮೊದಲು ಕನೆಕ್ಟ್ ಮಾಡಿ ನೋಡ್ತೀನಿ, ಯಾರಾದ್ರೂ ಓಗೊಟ್ರೆ "ಆಗ್ಲೇ ಓಡ್ತಿದೆ" ಅಂತ ಹೇಳಿ ಆಚೆ, ಕನೆಕ್ಷನ್ ರಿಫ್ಯೂಸ್ ಆದ್ರೆ ಮಾತ್ರ ಫೈಲ್ ಅಳಿಸೋದು.

ರೀಲೋಡ್ ಈಗ ಎಂಜಿನ್‌ಎಕ್ಸ್ ವೆಬ್ ಸರ್ವರ್ ಥರ, ಹೊಸ ಕಾನ್ಫಿಗ್ ಪೂರ್ತಿ ಓದಿ ಚೆಕ್ ಮಾಡಿ ಆಮೇಲೇ ಬದಲಾಯಿಸೋದು. ತಪ್ಪಿದ್ರೆ "ಸಾಲು 14: ರೂಮ್ ಹೆಸರು ಎರಡು ಸಲ ಬಂದಿದೆ, ಹಳೇದೇ ಇಟ್ಕೊಂಡಿದ್ದೀನಿ" ಅನ್ನುತ್ತೆ, ಎಕ್ಸಿಟ್ ಕೋಡ್ 1 (ಅಂದ್ರೆ ಫೇಲ್). ಸ್ಟೇಟಸ್ ಕೊಟ್ರೆ "37 ಜನ, 12 ರೂಮ್, ಕಾನ್ಫಿಗ್ ಓದಿದ್ದು 9:40" ಅಂತ ಬರುತ್ತೆ, ಇದ್ರಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಆ ಕೊನೇ ಟೈಮು, ಎಷ್ಟೋ ಸಲ ಫೈಲ್ ತಿದ್ದಿ ರೀಲೋಡ್ ಕೊಡೋದೇ ಮರ್ತಿರ್ತೀನಿ.

ಸ್ಟಾಪ್ ಮಾತ್ರ ತುಂಬಾ ಸತಾಯಿಸ್ತು. ಸಿಗ್‌ಟರ್ಮ್ (ಮುಚ್ಕೋ ಅಂತ ಹೇಳೋ ಸಿಗ್ನಲ್) ಬಂದಾಗ ಎಲ್ರಿಗೂ ಒಂದು ಮೆಸೇಜ್ ಕಳಿಸಿ ಮುಚ್ಚೋಣ ಅಂತ ಬರೆದಿದ್ದೆ, ಯಾರೋ ಲ್ಯಾಪ್‌ಟಾಪ್ ಮಡಚಿ ಮನೆಗೆ ಹೋಗಿರ್ತಾರೆ, ಆ ಸತ್ತ ಕನೆಕ್ಷನ್‌ಗೆ ಕಾಯ್ತಾ ಡೀಮನ್ ಸುಮ್ನೆ ನಿಂತ್ಬಿಡೋದು, ಸಿಸ್ಟಮ್‌ಡಿ ಅದ್ರ ಡೀಫಾಲ್ಟ್ 90 ಸೆಕೆಂಡ್ ಕಾದು ಸಿಗ್‌ಕಿಲ್ (ಬಲವಂತವಾಗಿ ಸಾಯಿಸೋ ಸಿಗ್ನಲ್) ಹಾಕೋದು. ಅಂದ್ರೆ ತಿರುಗಿ ಅದೇ ಕಿಲ್ -9! ಈಗ ಒಬ್ಬೊಬ್ರಿಗೂ ಎರಡು ಸೆಕೆಂಡ್ ಟೈಮೌಟ್, ಎಲ್ರಿಗೂ ಒಟ್ಟಿಗೇ.

ಕಮ್ಯಾಂಡ್‌ಗಳೆಲ್ಲಾ ಒಂದೇ ಡಿಕ್ಷನರಿಯಲ್ಲಿವೆ, ಹೆಲ್ಪ್ ಆಯಾ ಫಂಕ್ಷನ್ನಿನ ಡಾಕ್‌ಸ್ಟ್ರಿಂಗಿಂದಾನೇ (ಕೋಡಲ್ಲೇ ಬರೆದ ವಿವರಣೆ) ಬರುತ್ತೆ. ಕೋಡೇ ಬದಲಾದ್ರೆ ಮಾತ್ರ ಇವತ್ತಿಗೂ ರೀಸ್ಟಾರ್ಟ್ ಬೇಕು, ಎಲ್ರೂ ಆಚೆ ಬೀಳ್ತಾರೆ, ಅದಕ್ಕೆ ಊಟದ ಟೈಮಲ್ಲಿ ಮಾಡ್ತೀನಿ.