ರೋವರ್ ನಡೆದ ದಾರಿಯನ್ನೇ ಸ್ಟೀರಿಯೋ ಮಾಡ್ಕೊಂಡು ಸ್ಟಿಮ್ಸನ್ ಮರಳುಗಲ್ಲಿನ ಡಿಪ್ ಅಳೆದಿದ್ದು: ನನ್ನ ಅನುಭವ

ಕ್ಯೂರಿಯಾಸಿಟಿ ರೋವರ್ ತೆಗೆದ ಫೋಟೋದಿಂದ, ಮಂಗಳ ಗ್ರಹದಲ್ಲಿ 20 ಮೀಟರ್ ದೂರದ ಬಂಡೆಯ ಓರೆ ಪದರದ ಡಿಪ್ (ಪದರ ಎಷ್ಟು ಡಿಗ್ರಿ, ಯಾವ ಕಡೆ ವಾಲಿದೆ ಅನ್ನೋದು) ಅಳೀತೀನಿ ಅಂದಾಗ, ಮಂಗಳದ ಕಲ್ಲಿನ ಹುಚ್ಚು ನನ್ನಷ್ಟೇ ಇರೋ ಗೆಳೆಯರೇ ಆಗಲ್ಲ ಬಿಡು ಅಂದಿದ್ರು. ರೋವರ್ ಕಂಬದ ಮೇಲಿನ ಜೋಡಿ ಕ್ಯಾಮೆರಾ ಮಾಸ್ಟ್‌ಕ್ಯಾಮ್‌ನ ಎರಡು ಕಣ್ಣಿನ ನಡುವೆ ಇರೋದೇ ಸುಮಾರು 25 ಸೆಂ.ಮೀ., ಅದ್ರಲ್ಲಿ ಏನು ಸ್ಟೀರಿಯೋ (ಎರಡು ಜಾಗದಿಂದ ತೆಗೆದ ಫೋಟೋ ಹೋಲಿಸಿ ಆಳ, ಅಂದ್ರೆ ದೂರ ಅಳೆಯೋದು) ಬರುತ್ತೆ ಅಂತ. ಅವ್ರ ಲೆಕ್ಕ ತಪ್ಪಲ್ಲ. ಎಡಗಣ್ಣಿನ ಲೆನ್ಸ್ 34 ಎಂಎಂ, ಒಂದು ಪಿಕ್ಸೆಲ್ ಹಿಡಿಯೋ ಕೋನ 0.22 ಮಿಲಿರೇಡಿಯನ್, ಅರ್ಧ ಪಿಕ್ಸೆಲ್ ತಪ್ಪಿದ್ರೂ 20 ಮೀಟರ್‌ನಲ್ಲಿ ಆಳ 18 ಸೆಂ.ಮೀ. ಆಚೀಚೆ ಆಗುತ್ತೆ. ಒಂದೇ ಕಡೆ ವಾಲಿದ ಪದರಗಳ ಒಂದು ಕಂತೆ, ಅಂದ್ರೆ ಸೆಟ್ಟಿನ ದಪ್ಪಾನೇ ಅರ್ಧ ಮೀಟರ್ ಅಂದ್ರೆ ಇನ್ನೇನು ಅಳೆಯೋದು? ಆದ್ರೆ ರೋವರ್ ನಿಂತಲ್ಲೇ ನಿಂತಿರಲ್ವಲ್ಲ. ಆರು ಮೀಟರ್ ಪಕ್ಕಕ್ಕೆ ಸರಿದು ಅದೇ ಬಂಡೆ ಮತ್ತೆ ತೆಗೆದಿದ್ರೆ ಆ ಆರು ಮೀಟರೇ ಬೇಸ್‌ಲೈನ್ (ಎರಡು ಕಣ್ಣಿನ ನಡುವಿನ ಅಂತರ), ತಪ್ಪು ಒಂದು ಸೆಂ.ಮೀ. ಒಳಗೆ ಇಳಿಯುತ್ತೆ.

ನಾನು ಹಿಡ್ಕೊಂಡಿದ್ದು ಗೇಲ್ ಕುಳಿಯ ಎಮರ್ಸನ್ ಪ್ಲಾಟೋ, ಕ್ಯೂರಿಯಾಸಿಟಿ 2015ರಲ್ಲಿ ಓಡಾಡಿದ ಜಾಗ. ಕೆಳಗೆ ಮರ್ರೇ ಮಡ್‌ಸ್ಟೋನ್, ಹಳೇ ಕೆರೆಯ ಕೆಸರು ಕಲ್ಲಾಗಿ ಸವೆದಿರೋದು, ಅದರ ಮೇಲೆ ಗಾಳಿ ತಂದು ಗುಡ್ಡೆ ಹಾಕಿದ ಸ್ಟಿಮ್ಸನ್ ಮರಳುಗಲ್ಲು. ಓರೆ ಪದರ ಇಷ್ಟು ಚೆನ್ನಾಗಿ ಕಾಣೋ ಜಾಗ ಬಿಟ್ಟು ಬೇರೆ ಕಡೆ ಶುರು ಮಾಡೋಕೆ ನಂಗೆ ಮನಸ್ಸಾಗ್ಲಿಲ್ಲ.

ಮೊದಲ ಐದಾರು ತಿಂಗಳು ಪೂರ್ತಿ ವೇಸ್ಟ್. ಬೇಗ ಸಿಗುತ್ತೆ ಅಂತ ರಾ ಜೆಪೆಗ್ (ಸಂಸ್ಕರಿಸದ ಫೋಟೋ) ಇಳಿಸ್ಕೊಂಡೆ, ಅದ್ರಲ್ಲಿ ರೋವರ್ ಎಷ್ಟು ವಾಲಿ ನಿಂತಿತ್ತು ಅನ್ನೋ ಲೇಬಲ್ ಇರಲ್ಲ, ಬಂಡೆಯ 3ಡಿ ಮಾಡೆಲ್ ಬಂತು ಆದ್ರೆ ಉತ್ತರ ಯಾವ ಕಡೆ ಮೇಲೆ ಯಾವ ಕಡೆ ಗೊತ್ತಿಲ್ದೆ ಡಿಪ್ ಹೇಳೋದು ಹೇಗೆ. ಕೊನೆಗೆ ನಾಸಾದ ದತ್ತಾಂಶ ಭಂಡಾರ ಪಿಡಿಎಸ್‌ನ ಫೈಲೇ ಗತಿ. ಅಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಒಂದು ತಿಂಗಳ ಸಂಬಳ ಹೋಗಿತ್ತು, ದುಡ್ಡು ಕೊಟ್ಟು ಒಂದು ವರ್ಷದ ಸಾಫ್ಟ್‌ವೇರ್ ಲೈಸೆನ್ಸ್ ತಗೊಂಡಿದ್ದೆ, ಅದು ಬರೀ ನಾಲ್ಕೈದು ಫೋಟೋ ಕೊಟ್ರೆ ಜೋಡಿಸೋದೇ ಇಲ್ಲ ಅಂತ ಕೂತ್ಕೊಳ್ತು. ಈಗ ಕೆಲಸ ನಡೀತಿರೋದು ಪುಕ್ಕಟೆ ಸಾಫ್ಟ್‌ವೇರಲ್ಲೇ, ಫೋಕಲ್ ಲೆಂತ್ ಲಾಕ್ ಮಾಡಿ, ಆಕಾಶ ಮತ್ತೆ ರೋವರ್ ಡೆಕ್ ಮಾಸ್ಕ್ ಮಾಡಿ (ಲೆಕ್ಕಕ್ಕೆ ಬರದ ಹಾಗೆ ಮುಚ್ಚಿ). ಮಾಡೆಲ್‌ನ ಸ್ಕೇಲ್‌ಗೆ (ನಿಜ ಅಳತೆಗೆ) ರೋವರ್ ದಾರಿ ನೋಡೋ ಕ್ಯಾಮೆರಾ ನ್ಯಾವ್‌ಕ್ಯಾಮ್‌ನ 42 ಸೆಂ.ಮೀ. ಅಂತರದ ಜೋಡಿ ಸಾಕು, ಹತ್ತಿರದ ಕಲ್ಲುಗಳ ಮೇಲೆ ಅದನ್ನ ಕೂರಿಸ್ತೀನಿ. ಕೂರಿಸೋ ಕ್ರಮ ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ಎರಡು ವರ್ಷ ಕೊಟ್ಟಿದೀನಿ.

ನೆರಳು ಇನ್ನೊಂದು ಕಾಟ. ಒಂದು ಸೋಲ್ (ಮಂಗಳದ ದಿನ) ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ ತೆಗೆದಿದ್ರೆ ಸಾಫ್ಟ್‌ವೇರ್ ನೆರಳಿನ ಅಂಚನ್ನೇ ಪದರ ಅಂದ್ಕೊಂಡು ಹೊಂದಿಸುತ್ತೆ. ಲೋಕಲ್ ಟೈಮ್ ಒಂದು ಗಂಟೆ ಒಳಗೆ ಇರೋ ಜೋಡಿ ಮಾತ್ರ ಇಟ್ಕೊಂಡೆ, ಇನ್ನೂರು ಚಿಲ್ಲರೆ ಫೋಟೋದಲ್ಲಿ ಉಳಿದಿದ್ದು ಮೂವತ್ತೋ ಮೂವತ್ತೈದೋ.

ಇಷ್ಟೆಲ್ಲಾ ಆಗಿಯೂ ಡಿಪ್ ಒಂದ್ಸಲ 8 ಡಿಗ್ರಿ ಬಂದ್ರೆ ಇನ್ನೊಂದ್ಸಲ 40. ತಪ್ಪು ಕ್ಯಾಮೆರಾದ್ದಲ್ಲ, ನಂದು. ಚಪ್ಪಟೆ ಮುಖದ ಮೇಲಿನ ಗೆರೆಗೆ ಪ್ಲೇನ್ (ಸಮತಲ) ಕೂರಿಸ್ತಿದ್ದೆ, ಅದು ಆ ಗೆರೆ ಸುತ್ತ ಹೇಗೆ ಬೇಕಾದ್ರೂ ತಿರುಗುತ್ತೆ, ಸಿಗೋದು ಬರೀ ತೋರಿಕೆಯ ಡಿಪ್. ಮೂಲೆ ತಿರುಗಿ ಎರಡು ಮುಖದಲ್ಲೂ ಕಾಣೋ ಪದರ ಮಾತ್ರ ಆರಿಸಿದ ದಿನ ಅಂಕಿ ನಿಂತ್ವು! ಬೇರೆ ಬೇರೆ ಜೋಡಿಯಲ್ಲಿ ಎರಡ್ಮೂರು ಡಿಗ್ರಿ ಒಳಗೆ, ವಾಲು ಹೆಚ್ಚಾಗಿ ಈಶಾನ್ಯಕ್ಕೆ. ದಿಬ್ಬ ಸರಿಯೋ ಕಡೆಗೇ ಅದರ ಪದರ ವಾಲೋದು. ಮಿಷನ್ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ್ದೂ ಅದೇ, ಆಗಿನ ಮರಳು ದಿಬ್ಬಗಳು ಈಶಾನ್ಯಕ್ಕೆ ಸರೀತಿದ್ವು ಅಂತ. ಪಕ್ಕದಲ್ಲೇ ಇರೋ ಈಗಿನ ಬ್ಯಾಗ್ನೋಲ್ಡ್ ದಿಬ್ಬಗಳು ನೈಋತ್ಯಕ್ಕೆ ಹೋಗ್ತಿದಾವೆ, ಪೂರ್ತಿ ಉಲ್ಟಾ. ಮನೇಲಿ ಕೂತು ಆ ಹಳೇ ಗಾಳಿಯ ದಿಕ್ಕು ತೆಗೆದೆ ಅನ್ನೋ ಖುಷಿಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಆಗಲ್ಲ ಅಂದೋರಲ್ಲಿ ಇಬ್ರು ಈಗ ನನ್ನ ಮಾಸ್ಕ್ ಫೈಲ್ ಕೇಳ್ತಿದಾರೆ.

ಇದೇ ಜೋಶಲ್ಲಿ ಮಂಗಳದ ಇನ್ನೊಂದು ಕುಳಿ ಜೆಜೆರೋದಲ್ಲಿ ಹಳೇ ಡೆಲ್ಟಾದ ತುಂಡಾಗಿ ಉಳಿದ ಗುಡ್ಡ ಕೋಡಿಯಾಕ್‌ಗೂ ಕೈ ಹಾಕ್ದೆ. ಅಲ್ಲಿನ ರೋವರ್ ಪರ್ಸಿವರೆನ್ಸ್ ಇಳಿದ ಜಾಗದಿಂದ ಅದು ಎರಡು ಕಿ.ಮೀ. ಮೇಲೆ ದೂರ, ಅದರ ಜೋಡಿ ಕ್ಯಾಮೆರಾ ಮಾಸ್ಟ್‌ಕ್ಯಾಮ್-ಝಡ್‌ನ 110 ಎಂಎಂ ಝೂಮ್‌ನಲ್ಲೂ ಬರೀ ಎರಡು ಕಣ್ಣು ನಂಬಿದ್ರೆ ತಪ್ಪೇ ಅರ್ಧ ಕಿ.ಮೀ.! 200 ಮೀಟರ್ ಬೇಸ್‌ಲೈನ್ ಸಿಕ್ರೆ ಮುಕ್ಕಾಲು ಮೀಟರ್‌ಗೆ ಬರುತ್ತೆ, ಡೆಲ್ಟಾದ ಫೋರ್‌ಸೆಟ್‌ಗೆ (ಡೆಲ್ಟಾದ ಮುಂಚೂಣಿಯ ಓರೆ ಪದರಗಳಿಗೆ) ಅದು ಸಾಕು. ತೊಂದ್ರೆ ಏನಂದ್ರೆ ರೋವರ್ ಬಂಡೆ ಕಡೆಗೇ ನೆಟ್ಟಗೆ ನಡೆದ್ರೆ ಎಷ್ಟು ದೂರ ಹೋದ್ರೂ ಬೇಸ್‌ಲೈನ್ ಸಿಗಲ್ಲ, ಅಡ್ಡಡ್ಡ ಸರಿದ ಸೋಲ್‌ಗಳೇ ಬೇಕು. ಹಂಗಾಗಿ ಈಗ ಫೋಟೋ ಬಿಟ್ಟು ಮೊದ್ಲು ದಾರಿಯ ಮ್ಯಾಪ್ ಹಿಡ್ಕೊಂಡು ಕೂತಿದೀನಿ, ಸದ್ಯಕ್ಕೆ ನಾಲ್ಕು ಜೋಡಿ ಸಿಕ್ಕಿದೆ.